ತೋಳಿನ ಮೇಲಿನ ವಂಶಾವಳಿ

ಈಚೆಗೆ ನಮ್ಮ ಊರಿನಲ್ಲಿ ನೆರೆದ ಸಭೆಯೊಂದರಲ್ಲಿ ವಿದ್ವಾಂಸರೊಬ್ಬರು ಸ್ತ್ರೀಯರ ಉನ್ನತಿಯನ್ನು ಕುರಿತು ಮಾತನಾಡುತ್ತ, ಹಚ್ಚೆ ಚುಚ್ಚಿಸಿಕೊಳ್ಳುವ ಪದ್ಧತಿಯು ಅನಾಗರಿಕ ಸ್ಥಿತಿಯ ಕುರುಹೆಂದೂ, ಅದು ನಮ್ಮ ಹಳ್ಳಿಗಳಿಂದ ತಾನಾಗಿ ಅಳಿಯುತ್ತಿರುವದು ಸಂತೋಷದ ಸಂಗತಿಯೆಂದೂ ಅಪ್ಪಣೆ ಕೊಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾವು ಕುಳಿತ ಸ್ಥಳದಿಂದ ಸ್ತ್ರೀಯರ ಮೊದಲ ಸಾಲು ಚೆನ್ನಾಗಿ ಕಾಣುತ್ತಿತ್ತು. ಅಲ್ಲಿದ್ದ ಇಬ್ಬರು ವೃದ್ಧೆಯರು ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೆ ಇಬ್ಬರೂ ಒಂದೇ ಸಲಕ್ಕೆ ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡರು. ವಿದ್ವಾಂಸರ ಪಾಂಡಿತ್ಯದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಸೆರಗಿನ ಕೆಳಗೆ ಏನು ಬರೆದಿದೆಯೆಂಬುದನ್ನು ಅವರು ಓದಿದವರಲ್ಲ. ನಾವಾದರೂ ಅದನ್ನು ಓದಲು ಕಲಿತದ್ದು ಬಹಳ ತಡವಾಗಿ. ಆದುದರಿಂದ ಅವರನ್ನು ಜರೆಯುವ ಅಧಿಕಾರ ನಮಗಿಲ್ಲ. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಹಚ್ಚೆಯೆಂಬುದು ಪಚ್ಚೆಯಿಂದ ಬಂದ ಶಬ್ದ. ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತೆಂಬುದನ್ನು ಪಾಠಶಾಲೆಯ ಹುಡುಗನೂ ಬಲ್ಲನು. ತೆಲುಗರು ಇಂದಿಗೂ ಪಚ್ಚಬೊಟ್ಟು ಎನ್ನುತ್ತಾರೆ. ತಮಿಳರು ಪಚ್ಚೈ ಕುತ್ತುವದು ಎನ್ನುತ್ತಾರೆ. ಹಾಕುವದು ಕಪ್ಪು ಮಸಿ. ಚರ್ಮದ ಕೆಳಗೆ ಸೇರಿದ ಮೇಲೆ ಅದು ಹಸುರಾಗಿ ತೋರುವದು. ಈ ಮಸಿಯನ್ನು ಕೊರವರ ಹೆಂಗಸರು ತಯಾರಿಸುತ್ತಿದ್ದ ಒಂದು ಬಗೆಯನ್ನು, ಮದ್ರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಎಂಬವನು 1906ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಅರಿಸಿನದ ಪುಡಿಯನ್ನು ಅಗಸೆ ಮರದ ಎಲೆಯೊಡನೆ ಅರೆದು, ತೆಳುವಾದ ಬಟ್ಟೆಗೆ ಬಳಿದು, ಅದನ್ನೇ ಬತ್ತಿಯಾಗಿ ಹೊಸೆದು, ಹರಳೆಣ್ಣೆಯ ದೀಪದಲ್ಲಿ ಉರಿಸುವದು. ಅದರ ಮೇಲೆ ಹೊಸ ಗಡಿಗೆಯನ್ನು ಕವುಚಿ, ಒಳಗೆ ಹಿಡಿದ ಕಾಡಿಗೆಯನ್ನು ಕೆರೆದು, ನೀರಿನಲ್ಲಾಗಲಿ ಬಾಣಂತಿಯ ಎದೆಹಾಲಿನಲ್ಲಾಗಲಿ ಕಲಸುವದು. ಎದೆಹಾಲಿನ ಮಾತನ್ನು ಓದಿದಾಗ ಪಟ್ಟಣದವರು ಮೂಗು ಮುರಿಯಬಹುದು. ಆದರೆ ಒಬ್ಬ ತಾಯಿಯ ಹಾಲು ಇನ್ನೊಬ್ಬ ತಾಯಿಯ ಮಗಳ ಚರ್ಮದಲ್ಲಿ ಆಯುಷ್ಯಪರ್ಯಂತ ಉಳಿಯುವದೆಂಬ ವಿಚಾರವನ್ನು ನಮಗೆ ಹೀನವೆಂದು ಎಣಿಸಲಾಗುವದಿಲ್ಲ.

ಮೇಲ್ಚರ್ಮವು ಕೆಲವು ವಾರಗಳಲ್ಲಿ ಸವೆದು ಹೊಸದಾಗುತ್ತಲೇ ಇರುವದು. ಆದರೆ ಸೂಜಿಯು ಮಸಿಯನ್ನು ಒಳಚರ್ಮಕ್ಕೆ ಇಳಿಸುವದರಿಂದ ಅದು ಹಾಗೆ ಸವೆದು ಹೋಗದು. ಅಲ್ಲಿಯ ಕಾವಲಿನ ಜೀವಕೋಶಗಳು ಮಸಿಯ ಕಣವನ್ನು ನುಂಗಿ ಹಿಡಿದುಕೊಳ್ಳುವವು. ಹೀಗೆ ಹಿಡಿದುಕೊಂಡ ಕೋಶವು ಸತ್ತಾಗ ನೆರೆಯಲ್ಲಿ ಬಂದ ಹೊಸ ಕೋಶವು ಅದೇ ಕಣವನ್ನು ಎತ್ತಿಕೊಳ್ಳುವದೆಂದು ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ನೋಡಿ 2018ರಲ್ಲಿ ಪ್ರಕಟಿಸಿದರು. ನಾವು ಇದನ್ನು ಓದಿದ ದಿನ ನಮ್ಮ ಸೋದರತ್ತೆಯ ನೆನಪಾಯಿತು.

ಅವರು ಹುಟ್ಟಿದ್ದು ತುಂಗಭದ್ರೆಯ ಈಚೆ ದಂಡೆಯಲ್ಲಿ, ಹೂವಿನಹಡಗಲಿ ತಾಲೂಕಿನ ಒಂದು ಹಳ್ಳಿಯಲ್ಲಿ. ಕೊಟ್ಟದ್ದು ಆಚೆ ದಂಡೆಗೆ. ಇಂದು ಹರಿಗೋಲಿಲ್ಲದೆ ಸೇತುವೆಯ ಮೇಲೆ ದಾಟುವವರಿಗೆ ಇದು ದೂರವಾಗಿ ತೋರದು. 1946ರಲ್ಲಿ, ಅವರ ಮದುವೆಯಾದಾಗ, ಈಚೆಯದು ಮದ್ರಾಸ ಇಲಾಖೆ, ಆಚೆಯದು ಮುಂಬಯಿ ಇಲಾಖೆ. ಹೊಳೆ ತುಂಬಿದರೆ ತಿಂಗಳುಗಟ್ಟಲೆ ತವರಿನ ಸುದ್ದಿಯಿಲ್ಲ. ಹದಿನಾಲ್ಕು ವಯಸ್ಸಿನ ಹುಡುಗಿಯನ್ನು ಹೊಳೆ ದಾಟಿಸುವ ಮೊದಲು ನಮ್ಮ ಅಜ್ಜಿ ಕೊರವರ ಹೆಂಗಸನ್ನು ಕರೆಸಿ, ತಮ್ಮ ಮುಂಗೈಯಲ್ಲಿದ್ದ ತುಳಸಿಕಟ್ಟೆಯನ್ನೇ ಮಗಳ ಮುಂಗೈಗೂ ಹೊಯ್ಯಿಸಿದರು. ಕಟ್ಟೆಗೆ ಮೂರು ಮೆಟ್ಟಿಲು, ಗಿಡಕ್ಕೆ ಐದು ಕುಡಿ. ಅಜ್ಜಿಯ ತಾಯಿಗೂ ಐದೇ ಕುಡಿಯಂತೆ. ಜಾತ್ರೆಯಲ್ಲಿ ತಪ್ಪಿಸಿಕೊಂಡರೂ, ಹೊಳೆಯ ಪಾಲಾದರೂ ಯಾರ ಮನೆಯ ಮಗಳೆಂದು ತಿಳಿಯಬೇಕೆಂಬುದು ಅದರ ಒಂದು ಅರ್ಥ. ಮತ್ತೊಂದು ಅರ್ಥವನ್ನು ಎಲ್ಲ ಹಳ್ಳಿಗಳ ಮುದುಕಿಯರೂ ಹೇಳುವರು: ಸತ್ತಾಗ ಬಂಗಾರವನ್ನು ಬಿಚ್ಚಿಕೊಳ್ಳುತ್ತಾರೆ, ಸಂಗಡ ಬರುವದು ಹಚ್ಚೆಯೊಂದೇ.

ಇಷ್ಟನ್ನು ನಾವು ಬಾಲ್ಯದಿಂದಲೂ ಬಲ್ಲೆವು. ಆದರೆ ಅತ್ತೆಯ ತುಳಸಿಕಟ್ಟೆಯ ಕೆಳಗೆ, ಮಣಿಕಟ್ಟಿನ ಕಡೆಗೆ, ಓರೆಯಾಗಿ ಮೂರು ಚುಕ್ಕೆಗಳಿದ್ದವು. ಸಾಲು ಸರಿಯಾಗಿರಲಿಲ್ಲ, ಒಂದು ದೊಡ್ಡದು, ಎರಡು ಸಣ್ಣವು. ಕೊರವರಾಕೆಯ ಕೈ ತಪ್ಪಿರಬೇಕೆಂದು ನಾವು ತಿಳಿದಿದ್ದೆವು. ನಮ್ಮ ಮನೆತನದ ವಂಶಾವಳಿಯನ್ನು ಅಚ್ಚು ಹಾಕಿಸುವ ಹುಮ್ಮಸ್ಸಿನಲ್ಲಿ ಒಮ್ಮೆ ಅವರ ಬಳಿಗೆ ಹೋಗಿ, ಮಕ್ಕಳ ಹೆಸರುಗಳನ್ನು ಬರೆದುಕೊಳ್ಳುತ್ತ, "ಒಟ್ಟು ನಾಲ್ವರಲ್ಲವೇ ಅತ್ತೆ?" ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂಗೈಯನ್ನು ಮುಂದೆ ಮಾಡಿದರು.

"ಏಳು ತಮ್ಮಾ. ಇದ್ದವ್ರು ಮನಿಯಾಗ ಅದಾರ, ಹೋದವ್ರು ಇಲ್ಲೆ ಅದಾರ."

ಮೊದಲನೆಯದು ಒಂಬತ್ತು ತಿಂಗಳು ಬದುಕಿತ್ತು. ಅದಕ್ಕೇ ಚುಕ್ಕೆ ದೊಡ್ಡದು. ಎರಡನೆಯದು ಹನ್ನೊಂದು ದಿನ. ಮೂರನೆಯದಕ್ಕೆ ಹೆಸರಿಡುವ ಮೊದಲೇ ಕಣ್ಣು ಮುಚ್ಚಿತು. ಪ್ರತಿ ಸುಗ್ಗಿಯಲ್ಲಿ ಊರಿಗೆ ಬರುತ್ತಿದ್ದ ಅದೇ ಕೊರವರಾಕೆಯಿಂದ ಒಂದೊಂದನ್ನೂ ಅವರು ಹಾಕಿಸಿಕೊಂಡಿದ್ದರು. ಯಜಮಾನರಿಗೆ ಹೇಳಿರಲಿಲ್ಲ; ಅವರು ಕೇಳಿಯೂ ಇರಲಿಲ್ಲ.

ಈ ಮೂರು ಶಿಶುಗಳ ಭಾವಚಿತ್ರವಿಲ್ಲ, ಸಮಾಧಿಯಿಲ್ಲ, ಜಾತಕವಿಲ್ಲ. ಜನನ ಮರಣಗಳ ನೋಂದಣಿಯನ್ನು ದೇಶದಲ್ಲೆಲ್ಲ ಕಡ್ಡಾಯ ಮಾಡಿದ ಕಾಯಿದೆ ಬಂದದ್ದು 1969ರಲ್ಲಿ. ಇವರು ಅದಕ್ಕಿಂತ ಬಹಳ ಹಿಂದಿನವರು. ನಮ್ಮ ದೇಶದಲ್ಲಿ 1971ರಲ್ಲಿಯೂ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅವುಗಳಲ್ಲಿ ಎಷ್ಟನ್ನು ಯಾರ ವಂಶಾವಳಿಯಲ್ಲಿ ಬರೆದಿರುವರು? ನಮ್ಮ ಮನೆತನದ ಪಟದಲ್ಲಿ ಗಂಡಸರು ಹನ್ನೊಂದು ತಲೆಮಾರಿನ ಗಂಡಸರನ್ನು ಬರೆದಿಟ್ಟಿದ್ದಾರೆ. ಹೆಣ್ಣುಮಕ್ಕಳ ಹೆಸರೇ ಅಲ್ಲಿಲ್ಲವೆಂದ ಮೇಲೆ ಹೆಸರಿಡದ ಮಕ್ಕಳ ಮಾತೇಕೆ! ಅಕ್ಷರ ಬಾರದ ಒಬ್ಬ ಹೆಂಗಸು ಇನ್ನೊಬ್ಬ ಅಕ್ಷರ ಬಾರದ ಹೆಂಗಸಿನಿಂದ ಬರೆಯಿಸಿಕೊಂಡ ಲೆಕ್ಕವೇ ಪೂರ್ಣವಾದದ್ದು, ಪತ್ರಿಕೆ ನಡೆಸುವ ನಮ್ಮ ಲೆಕ್ಕವೇ ಕಡಿಮೆ ಬಿದ್ದದ್ದು.

ಇನ್ನು ಆ ಬರೆದವಳ ಮಾತು. ಆಕೆಯ ಹೆಸರು ಯಾರಿಗೂ ನೆನಪಿಲ್ಲ. ಆದರೆ ಒಂದು ಸಂಗತಿಯನ್ನು ಅತ್ತೆ ಮರೆತಿರಲಿಲ್ಲ: ಆಕೆಯ ಎಲೆಯಡಿಕೆಯ ಸಂಚಿಯಲ್ಲಿ ಸೂಜಿಗಳ ಜೊತೆಗೆ ಮಡಿಸಿದ ಒಂದು ಚೀಟಿ ಇರುತ್ತಿತ್ತು, ಊರಿಗೆ ಬಂದೊಡನೆ ಅದನ್ನು ಗೌಡನಿಗೆ ತೋರಿಸಬೇಕಾಗಿತ್ತು. ಆ ಚೀಟಿಯ ಹಿಂದಿನ ಕಥೆ ದೊಡ್ಡದು. ಪರಕೀಯ ಸರಕಾರವು 1871ರಲ್ಲಿ ಉತ್ತರ ಹಿಂದುಸ್ತಾನಕ್ಕೆಂದು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು 1911ರಲ್ಲಿ ತಿದ್ದಿ ಮದ್ರಾಸ ಇಲಾಖೆಗೂ ಹಬ್ಬಿಸಿತು. ಕೊರವರ ಹಲವು ಗುಂಪುಗಳು ಅದಕ್ಕೆ ಸಿಕ್ಕಿದವು. ಯಾವ ಅಪರಾಧವನ್ನೂ ಮಾಡದವನನ್ನು ಕೂಡ ಹುಟ್ಟಿನ ಕಾರಣದಿಂದಲೇ ಪಟ್ಟಿಯಲ್ಲಿ ಬರೆದು, ಬೆರಳಿನ ಗುರುತು ತೆಗೆದುಕೊಂಡು, ಇರುವಿಕೆಯನ್ನು ಹಾಜರಿ ಹಾಕಿಸಿ, ಬೇಕಾದರೆ ಸೆಟ್ಲ್‌ಮೆಂಟಿನ ಬೇಲಿಯೊಳಗೆ ಕೂಡಿಹಾಕಬಹುದಾಗಿತ್ತು. ಹುಬ್ಬಳ್ಳಿಯಲ್ಲಿ ಒಂದು ಬಡಾವಣೆಗೆ ಆ ಹೆಸರೇ ಇಂದಿಗೂ ನಿಂತಿರುವದನ್ನು ವಾಚಕರು ಬಲ್ಲರು.

ಗುರುತು ಹಾಕುವದರಲ್ಲಿ ಆ ಪ್ರಭುತ್ವಕ್ಕೆ ಹಳೆಯ ಅಭ್ಯಾಸವಿತ್ತು. 1797ರಿಂದ ಬಂಗಾಳದಲ್ಲಿ ಕುಂಪಣಿ ಸರಕಾರವು ಕೆಲವು ಬಗೆಯ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸುತ್ತಿತ್ತು. ಅದನ್ನು ನಿಲ್ಲಿಸಿದ್ದು 1849ರಲ್ಲಿ. ನಮ್ಮ ಹೆಂಗಸರು ಮಾಂಗಲ್ಯಕ್ಕೆಂದು ಹಾಕಿಸಿಕೊಂಡದ್ದನ್ನು ಅವರು ಅವಮಾನಕ್ಕೆಂದು ಹಾಕಿಸಿದರು. ಅವರನ್ನು ಇಷ್ಟು ಅಂದಮೇಲೆ ನಮ್ಮನ್ನೂ ಅನ್ನಬೇಕು. ಶ್ರೀನಿವಾಸನು ಪದ್ಮಾವತಿಯನ್ನು ಕಾಣಲು ಕೊರವಂಜಿಯ ವೇಷ ಧರಿಸಿದನೆಂಬ ಕಥೆಯನ್ನು ನಾವು ಯಕ್ಷಗಾನದಲ್ಲಿ ಭಕ್ತಿಯಿಂದ ನೋಡುತ್ತೇವೆ. 1942ರಲ್ಲಿ ರಾಶಿಯವರು ತಮ್ಮ ಹಾಸ್ಯಪತ್ರಿಕೆಗೆ ಇಡಲು ಕೊರವಂಜಿಗಿಂತ ಮುದ್ದಾದ ಹೆಸರು ಸಿಕ್ಕಲಿಲ್ಲ. ಆದರೆ ನಿಜವಾದ ಕೊರವಂಜಿಯು ಬಾಗಿಲಿಗೆ ಬಂದರೆ ಆಕೆಯನ್ನು ಕಟ್ಟೆಯ ಕೆಳಗೇ ಕುಳ್ಳಿರಿಸಿದೆವು. ಆಕೆ ಹೋದ ಮೇಲೆ ತಂಬಿಗೆ ಚೊಂಬುಗಳನ್ನು ಎಣಿಸಿಕೊಂಡೆವು. ಆ ಕಾಯಿದೆಯು ಮದ್ರಾಸಿನಲ್ಲಿ 1947ರಲ್ಲಿಯೂ, ಮುಂಬಯಿಯಲ್ಲಿ 1949ರಲ್ಲಿಯೂ, ದೇಶದಲ್ಲೆಲ್ಲ 1952ರಲ್ಲಿಯೂ ರದ್ದಾಯಿತು. ಚೊಂಬು ಎಣಿಸುವ ಅಭ್ಯಾಸ ಯಾವ ವರ್ಷ ರದ್ದಾಯಿತೆಂಬುದನ್ನು ಬಲ್ಲವರು ನಮಗೆ ತಿಳಿಸಬೇಕು.

ಹಳೆಯ ಪದ್ಧತಿಯಲ್ಲಿ ಎಲ್ಲವೂ ಒಳ್ಳೆಯದೇ ಇತ್ತೆಂದು ನಾವು ಹೇಳುವದಿಲ್ಲ. ಎಂಟು ಹತ್ತು ವಯಸ್ಸಿನ ಹುಡುಗಿಯರನ್ನು ಇಬ್ಬರು ಹಿಡಿದುಕೊಂಡು ಚುಚ್ಚಿಸಿದ್ದುಂಟು. ಮಗುವಿನ ಒಪ್ಪಿಗೆಯನ್ನು ಯಾರು ಕೇಳಿದರು? ಒಂದೇ ಸೂಜಿಯ ಕಟ್ಟು ಇಡೀ ಓಣಿಯ ಕೈಗಳನ್ನು ಸುತ್ತಿ ಬರುತ್ತಿತ್ತು. ರಕ್ತದಿಂದ ರಕ್ತಕ್ಕೆ ಕಾಮಾಲೆಯ ವಿಷಾಣು ಹರಡುವದೆಂಬುದು ಆಗ ತಿಳಿದಿರಲಿಲ್ಲ; ಈಗ ತಿಳಿದಿದೆ. ಪಟ್ಟಣದ ಹೊಸ ಅಂಗಡಿಗಳಲ್ಲಿ, ಅಮೇರಿಕದ ಓರೈಲಿ ಎಂಬವನು 1891ರಲ್ಲಿ ಹಕ್ಕು ಪಡೆದ ವಿದ್ಯುತ್ ಯಂತ್ರದ ಸಂತತಿಯಿಂದ ಕೆಲಸ ಮಾಡುವವರು, ಒಬ್ಬೊಬ್ಬರಿಗೂ ಹೊಸ ಸೂಜಿಯನ್ನು ಬಿಚ್ಚುವರೋ ಇಲ್ಲವೋ ಎಂಬುದನ್ನು ಹಾಕಿಸಿಕೊಳ್ಳುವವರು ಕಣ್ಣಾರೆ ನೋಡಬೇಕು.

ಅತ್ತೆಯ ಹಿರಿಯ ಮಗಳು ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ಅವರ ಗದ್ದದ ಮೇಲೆ ಒಂದು ಹಚ್ಚೆಯ ಬೊಟ್ಟು ಇತ್ತು. ತರಬೇತಿಯ ಕಾಲದಲ್ಲಿ ಜೊತೆಯವರು ಆಡಿಕೊಂಡರೆಂದು, ಯಾರೋ ಹೇಳಿದ ಮಾತು ಕೇಳಿ ಆಸಿಡ್ಡು ಹಚ್ಚಿ ಅದನ್ನು ಸುಟ್ಟುಕೊಂಡರು. ಬೊಟ್ಟು ಹೋಗಿ ಕಲೆ ನಿಂತಿತು. ಅತ್ತೆ ಅದಕ್ಕೆ ಬೈಯಲಿಲ್ಲ. ಆದರೆ ಮುಂದೆ ಎಂದೂ ಮಗಳ ಎದುರಿನಲ್ಲಿ ತೋಳನ್ನು ಬಿಟ್ಟು ಕೂರಲಿಲ್ಲ. ಮೂರು ಚುಕ್ಕೆಗಳ ಅರ್ಥ ಮಗಳಿಗೂ ತಿಳಿಯದೆ ಹೋದದ್ದು ಹೀಗೆ. ವಂಶಾವಳಿಯ ನೆಪದಲ್ಲಿ ನಾವು ತಿಳಿದುಕೊಂಡೆವಲ್ಲ, ಆದರೂ ಅದನ್ನು ಅಚ್ಚು ಹಾಕಿಸಿದ ಪಟದಲ್ಲಿ ಸೇರಿಸಲಿಲ್ಲ. ಹೆಸರಿಲ್ಲದವರನ್ನು ಎಲ್ಲಿ ಬರೆಯುವದೆಂದು ನಮಗೇ ನಾವು ಕಾರಣ ಹೇಳಿಕೊಂಡೆವು. ಅದು ತಪ್ಪಾಯಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ತೊಂಬತ್ತು ದಾಟಿದ ಮೇಲೆ ಅತ್ತೆ ತೀರಿಕೊಂಡರು. ಮೀಯಿಸುವಾಗ ಬಳೆ, ಮೂಗುತಿ, ಕಿವಿಯ ಬೆಂಡೋಲೆ ಎಲ್ಲವನ್ನೂ ತೆಗೆದರು. ಆಗ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು, ಲೆಕ್ಕಪತ್ರದ ಕಚೇರಿಯೊಂದರಲ್ಲಿ ನೌಕರಿ ಮಾಡುವವಳು, ಎಲ್ಲರೂ ಬೇಡವೆನ್ನುತ್ತಿರುವಾಗಲೇ ಅಜ್ಜಿಯ ಮುಂಗೈಯ ಚಿತ್ರವನ್ನು ತೆಗೆದುಕೊಂಡಳು. ನಾವೂ ಬೇಡವೆಂದವರಲ್ಲಿ ಒಬ್ಬರು.

ಮೂರು ತಿಂಗಳ ಮೇಲೆ ಆಕೆ ಆ ಚಿತ್ರವನ್ನು ನಗರದ ಅಂಗಡಿಗೆ ಒಯ್ದು ತನ್ನ ಮುಂಗೈಗೆ ಹಾಕಿಸಿಕೊಂಡು ಬಂದಳು. ಮನೆಯಲ್ಲಿ ದೊಡ್ಡ ರಂಪವಾಯಿತು. ತಾಯಿ ಎರಡು ದಿನ ಮಾತು ಬಿಟ್ಟರು. ನಮ್ಮನ್ನು ನ್ಯಾಯ ಹೇಳಲು ಕರೆಸಿದರು. ನೋಡಿದೆವು: ಮೂರು ಮೆಟ್ಟಿಲು, ಐದು ಕುಡಿ, ಕೊರವರಾಕೆಯ ಕೈಗಿಂತ ಎಷ್ಟೋ ನೇರವಾದ ಗೆರೆಗಳು. ಕೆಳಗೆ ಚುಕ್ಕೆಗಳಿರಲಿಲ್ಲ. ಚಿತ್ರದಲ್ಲಿ ಅವು ಮುಪ್ಪಿನ ಕಲೆಯಂತೆ ತೋರಿದವೆಂದು ಅಂಗಡಿಯವನು ಬಿಟ್ಟುಬಿಟ್ಟಿದ್ದನಂತೆ.

ಆಗ ನಾವು, ತಾಯಿ ಮಗಳಿಬ್ಬರನ್ನೂ ಕುಳ್ಳಿರಿಸಿಕೊಂಡು, ಅತ್ತೆ ಹೇಳಿದ್ದನ್ನು ಹೇಳಿದೆವು. ಶಿಕ್ಷಕಿಯವರು ಬಹಳ ಹೊತ್ತು ಗದ್ದದ ಮೇಲಿನ ಕಲೆಯನ್ನು ಬೆರಳಿನಿಂದ ಸವರುತ್ತ ಕುಳಿತಿದ್ದರು. ಬಳಿಕ ಮಗಳ ಕೈಯನ್ನು ಎಳೆದುಕೊಂಡು, ಮಣಿಕಟ್ಟಿನ ಹತ್ತಿರ ಬೆರಳಿಟ್ಟು, "ದೊಡ್ಡದು ಎಡಕ್ಕಿತ್ತೋ ಬಲಕ್ಕಿತ್ತೋ?" ಎಂದು ನಮ್ಮನ್ನು ಕೇಳಿದರು. ನಮಗೆ ನೆನಪಿರಲಿಲ್ಲ. ಮೊಮ್ಮಗಳು ಚಿತ್ರವನ್ನು ತೆಗೆದು ನೋಡಿ, ಎಡಕ್ಕೆ ಎಂದಳು. ಮುಂದಿನ ವಾರ ಇಬ್ಬರೂ ಕೂಡಿಯೇ ಬೆಂಗಳೂರಿಗೆ ಹೋದರು.