ಶುಕ್ರನಿಂದ ಬಂದ 23 ನಿಮಿಷದ ಸಿಗ್ನಲ್: ಸೌರಮಂಡಲವನ್ನು ನಾವು ಕೇಳಿಸಿಕೊಂಡು ಕಲಿತ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಸೌರಮಂಡಲದ ಬಗ್ಗೆ ಮಾತಾಡೋಣ. ಶಾಲೆಯಲ್ಲಿ ಎಲ್ಲರೂ ಓದಿರ್ತೀವಿ. ನಡುವೆ ಸೂರ್ಯ, ಸುತ್ತ ಎಂಟು ಗ್ರಹ, ಗೋಡೆ ಮೇಲೆ ಒಂದು ಬಣ್ಣದ ಚಾರ್ಟ್. ಆದ್ರೆ ಆ ಚಾರ್ಟ್‌ನಲ್ಲಿ ಒಂದು ದೊಡ್ಡ ಮೋಸ ಇದೆ. ಗ್ರಹಗಳೆಲ್ಲ ಅಕ್ಕಪಕ್ಕದ ಮನೆಯವರ ಹಾಗೆ ನಿಂತಿರ್ತವೆ. ನಿಜವಾದ ದೂರ ಎಷ್ಟು ಅನ್ನೋದು ಅದರಲ್ಲಿ ಗೊತ್ತೇ ಆಗಲ್ಲ.

ಹಾಗಾಗಿ ನಾವು ಕಿಲೋಮೀಟರ್ ಲೆಕ್ಕ ಬಿಟ್ಟುಬಿಡೋಣ. ಬದಲಿಗೆ ಫೋನ್ ಕಾಲ್ ಲೆಕ್ಕ ಹಿಡಿಯೋಣ. ನಿಮ್ಮ ಮೊಬೈಲ್ ಸಿಗ್ನಲ್ ಅಂದ್ರೆ ರೇಡಿಯೋ ಅಲೆ. ಅದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತೆ. ಇದಕ್ಕಿಂತ ವೇಗವಾಗಿ ಯಾವ ಸುದ್ದಿಯೂ ಹೋಗಲ್ಲ.

ನೀವು ಚಂದ್ರನ ಮೇಲಿರುವ ಯಾರಿಗಾದ್ರೂ 'ಹಲೋ' ಅಂದ್ರೆ, ಅದು ಅವರಿಗೆ ತಲುಪೋದಕ್ಕೆ 1.3 ಸೆಕೆಂಡ್ ಬೇಕು. ಸೂರ್ಯನ ತನಕ ಹೋಗೋದಕ್ಕೆ 8 ನಿಮಿಷ 20 ಸೆಕೆಂಡ್. ಮಂಗಳ ನಮಗೆ ತೀರಾ ಹತ್ತಿರ ಬಂದಾಗ 3 ನಿಮಿಷ, ದೂರ ಹೋದಾಗ 22 ನಿಮಿಷ. ಸೂರ್ಯನಿಂದ ಹೊರಟ ಬೆಳಕು ಗುರು ಗ್ರಹಕ್ಕೆ ಮುಟ್ಟೋದಕ್ಕೆ 43 ನಿಮಿಷ, ಶನಿಗೆ ಹೆಚ್ಚೂಕಡಿಮೆ 1 ಗಂಟೆ 20 ನಿಮಿಷ, ಯುರೇನಸ್‌ಗೆ 2 ಗಂಟೆ 40 ನಿಮಿಷ, ನೆಪ್ಚೂನ್‌ಗೆ 4 ಗಂಟೆಗಿಂತ ಜಾಸ್ತಿ. ನೆಪ್ಚೂನ್‌ನಲ್ಲಿ ನಿಮಗೊಬ್ಬ ಫ್ರೆಂಡ್ ಇದ್ರೆ, ಬೆಳಗ್ಗೆ 'ತಿಂಡಿ ಆಯ್ತಾ' ಅಂತ ಕೇಳಿದ್ದಕ್ಕೆ ಉತ್ತರ ಬರೋದು ಸಂಜೆ ಕಾಫಿ ಹೊತ್ತಿಗೆ.

ಈ ಊರಿನ ಯಜಮಾನ ಯಾರು ಅಂತ ಹೇಳ್ಬೇಕಾಗಿಲ್ಲ. ಸೌರಮಂಡಲದ ಒಟ್ಟು ದ್ರವ್ಯರಾಶಿಯಲ್ಲಿ ಶೇ 99.8ರಷ್ಟು ಸೂರ್ಯನೊಬ್ಬನದೇ. ಉಳಿದ ಚಿಲ್ಲರೆಯಲ್ಲಿ ನಾವೆಲ್ಲ.

ವಾರದ ಹೆಸರಲ್ಲಿ ಇರುವವರು, ಇಲ್ಲದವರು

ನಮ್ಮ ಹಿರಿಯರಿಗೆ ಗ್ರಹಗಳು ಹೊಸಬರೇನಲ್ಲ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಇವೆಲ್ಲ ಬರೀ ಕಣ್ಣಿಗೆ ಕಾಣುವ ಐದು ಗ್ರಹಗಳ ಹೆಸರು. ಯುರೇನಸ್‌ವಾರ ಅಂತ ಯಾಕಿಲ್ಲ ಗೊತ್ತಾ? ಯುರೇನಸ್ ಗ್ರಹ ಅಂತ ಗೊತ್ತಾಗಿದ್ದೇ 1781ರಲ್ಲಿ, ಟೆಲಿಸ್ಕೋಪ್ ಬಂದ ಮೇಲೆ. ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ.

ಆದ್ರೆ ಟೆಲಿಸ್ಕೋಪ್‌ಗೂ ಒಂದು ಮಿತಿ ಇತ್ತು. ಶುಕ್ರನನ್ನೇ ತಗೊಳ್ಳಿ. ನಮ್ಮ ಹಳ್ಳಿಗಳಲ್ಲಿ ಅದನ್ನ ಬೆಳ್ಳಿ ಅಂತಾರೆ. 'ಬೆಳ್ಳಿ ಮೂಡ್ತು, ಏಳ್ರೋ' ಅಂತ ಬೆಳಗಿನ ಜಾವ ಎಬ್ಬಿಸೋರು. ಸೂರ್ಯ ಚಂದ್ರರನ್ನ ಬಿಟ್ರೆ ಆಕಾಶದಲ್ಲಿ ಅಷ್ಟು ಹೊಳೆಯೋದು ಇನ್ನೊಂದಿಲ್ಲ. ಗಾತ್ರದಲ್ಲಿ ಹೆಚ್ಚೂಕಡಿಮೆ ಭೂಮಿಯಷ್ಟೇ. ಅದಕ್ಕೇ ಭೂಮಿಯ ಅವಳಿ ಅಂತಾನೂ ಕರೀತಿದ್ರು. ಆದ್ರೆ ಎಷ್ಟೇ ದೊಡ್ಡ ಟೆಲಿಸ್ಕೋಪ್ ಇಟ್ಟು ನೋಡಿದ್ರೂ ಕಾಣ್ತಿದ್ದದ್ದು ಮೋಡ ಮಾತ್ರ. ಒಳಗೇನಿದೆ? ಕೆಲವರು ಸಾಗರ ಇರ್ಬಹುದು ಅಂದ್ರು. ಇನ್ನು ಕೆಲವರು ಜೌಗು, ಕಾಡು ಇರ್ಬಹುದು ಅಂದ್ರು. 20ನೇ ಶತಮಾನದ ಮಧ್ಯದವರೆಗೂ ಇದು ನಗೆಪಾಟಲಿನ ಮಾತಾಗಿರ್ಲಿಲ್ಲ. ಮೋಡ ಇದೆ ಅಂದ್ರೆ ಮಳೆ, ಮಳೆ ಇದೆ ಅಂದ್ರೆ ಹಸಿರು, ಅಷ್ಟು ಸರಳ ಊಹೆ.

ಊಹೆ ಸರಿಯೋ ತಪ್ಪೋ ನೋಡೋದಕ್ಕೆ ಅಲ್ಲಿಗೇ ಹೋಗ್ಬೇಕಿತ್ತು. ಹೋಗಿ, ಅಲ್ಲಿಂದ ಸಿಗ್ನಲ್ ಕಳಿಸ್ಬೇಕಿತ್ತು.

ಮೊದಲ ಬೀಪ್

1957ರ ಅಕ್ಟೋಬರ್ 4. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ 1 ಅನ್ನು ಹಾರಿಸಿತು. 58 ಸೆಂಟಿಮೀಟರ್ ಅಗಲದ ಲೋಹದ ಚೆಂಡು, ತೂಕ 83.6 ಕಿಲೋ. ಕ್ಯಾಮೆರಾ ಇಲ್ಲ, ಏನಿಲ್ಲ. ಅದು ಮಾಡ್ತಿದ್ದ ಕೆಲಸ ಒಂದೇ, 'ಬೀಪ್ ಬೀಪ್' ಅನ್ನೋದು. 96 ನಿಮಿಷಕ್ಕೊಮ್ಮೆ ಭೂಮಿ ಸುತ್ತುತ್ತಾ ಮೂರು ವಾರ ಬೀಪ್ ಮಾಡಿ ಬ್ಯಾಟರಿ ಮುಗಿಸ್ಕೊಂಡಿತು. ಜಗತ್ತಿನಾದ್ಯಂತ ಹವ್ಯಾಸಿ ರೇಡಿಯೋದವರು ಮನೆಯಲ್ಲೇ ಕೂತು ಅದನ್ನ ಕೇಳಿದ್ರು.

ಬರೀ ಬೀಪ್‌ನಿಂದ ಏನು ಪ್ರಯೋಜನ ಅಂತೀರಾ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್, ಜಾರ್ಜ್ ವೈಫೆನ್‌ಬಾಕ್ ಅಂತ ಇಬ್ಬರು ಯುವ ವಿಜ್ಞಾನಿಗಳಿದ್ರು. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ, ದೂರ ಹೋಗುವಾಗ ದಪ್ಪ ದನಿಯಲ್ಲಿ ಕೇಳುತ್ತಲ್ಲ, ಹಾಗೇ ಸ್ಪುಟ್ನಿಕ್‌ನ ಬೀಪ್ ಕೂಡ ಹತ್ತಿರ ಬರುವಾಗ, ದೂರ ಹೋಗುವಾಗ ಚೂರು ಬದಲಾಗುತ್ತೆ ಅನ್ನೋದನ್ನ ಅವರು ಅಳೆದರು. ಅಷ್ಟರಿಂದಲೇ ಉಪಗ್ರಹ ಎಲ್ಲಿದೆ ಅಂತ ಲೆಕ್ಕ ಹಾಕಿದ್ರು. ಆಮೇಲೆ ಅವರ ಮೇಲಧಿಕಾರಿ ಫ್ರಾಂಕ್ ಮೆಕ್ಲೂರ್ ಪ್ರಶ್ನೆಯನ್ನೇ ತಿರುಗಿಸಿದರು. ಉಪಗ್ರಹ ಎಲ್ಲಿದೆ ಅಂತ ಮೊದಲೇ ಗೊತ್ತಿದ್ರೆ, ಕೇಳ್ತಿರುವವರು ಎಲ್ಲಿದ್ದಾರೆ ಅಂತ ಕಂಡುಹಿಡೀಬಹುದಲ್ವಾ? ಅಲ್ಲಿಂದ ಟ್ರಾನ್ಸಿಟ್ ಅನ್ನೋ ನೌಕಾ ವ್ಯವಸ್ಥೆ ಬಂತು. ಮುಂದೆ ಜಿಪಿಎಸ್ ಬಂತು. ಇವತ್ತು ಡೆಲಿವರಿ ಹುಡುಗ ನಿಮ್ಮ ಮನೆ ಹುಡುಕ್ಕೊಂಡು ಬರೋದರ ಹಿಂದೆ ಆ ಬೀಪ್ ಇದೆ.

ಎರಡೇ ವರ್ಷದಲ್ಲಿ, 1959ರ ಅಕ್ಟೋಬರ್‌ನಲ್ಲಿ, ಲೂನಾ 3 ಚಂದ್ರನ ಹಿಂಬದಿಯ ಫೋಟೋ ತೆಗೀತು. ನಮಗೆ ಭೂಮಿಯಿಂದ ಯಾವಾಗಲೂ ಚಂದ್ರನ ಒಂದೇ ಮುಖ ಕಾಣೋದು. ಇನ್ನೊಂದು ಮುಖವನ್ನ ಅಲ್ಲಿಯವರೆಗೆ ಯಾರೂ ನೋಡಿರ್ಲಿಲ್ಲ. ಆಗ ಡಿಜಿಟಲ್ ಕ್ಯಾಮೆರಾ ಎಲ್ಲಿತ್ತು? ನೌಕೆಯೊಳಗೇ ರೀಲ್ ತೊಳೆದು, ಒಣಗಿಸಿ, ಸ್ಕ್ಯಾನ್ ಮಾಡಿ, ರೇಡಿಯೋದಲ್ಲಿ ಕಳಿಸ್ತು. ಒಂದು ಪುಟ್ಟ ಫೋಟೋ ಸ್ಟುಡಿಯೋವನ್ನೇ ಆಕಾಶಕ್ಕೆ ಹಾರಿಸಿದ ಹಾಗೆ.

ಬೆಳ್ಳಿಯ ಒಳಗೆ ಏನಿದೆ?

ಈಗ ಶುಕ್ರನ ಕಡೆ ಬರೋಣ. 1962ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್ 1 ಹಾರಿತು. ದಾರಿ ತಪ್ಪಿದ್ದರಿಂದ ಐದು ನಿಮಿಷ ತುಂಬೋ ಮೊದಲೇ ಅದನ್ನ ಸ್ಫೋಟಿಸಬೇಕಾಯ್ತು. ಅದರ ಜೋಡಿ ಮ್ಯಾರಿನರ್ 2 ಮುಂದಿನ ತಿಂಗಳು ಹೊರಟು, ಡಿಸೆಂಬರ್ 14ರಂದು ಶುಕ್ರನಿಂದ ಸುಮಾರು 35 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಯ್ತು. ಇನ್ನೊಂದು ಗ್ರಹದ ಪಕ್ಕ ಹೋಗಿ ಸುದ್ದಿ ಕಳಿಸಿದ ಮೊದಲ ನೌಕೆ ಅದು. ಸುದ್ದಿ ಏನು ಅಂದ್ರೆ, ಮೋಡ ತಣ್ಣಗಿದೆ, ಆದ್ರೆ ಕೆಳಗಿನ ನೆಲ ಕೆಂಡದ ಹಾಗಿದೆ. ಸಾಗರ, ಕಾಡು ಎಲ್ಲ ಕಥೆ ಅಲ್ಲಿಗೇ ಮುಗೀತು.

ಇಲ್ಲಿ ನಮ್ಮ ಕಡೆಯವರೊಬ್ಬರ ಹೆಸರು ಹೇಳ್ಲೇಬೇಕು. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಸೂರ್ಯನಿಂದ ಕಣಗಳ ಗಾಳಿ ನಿಲ್ಲದೆ ಬೀಸ್ತಾನೇ ಇರುತ್ತೆ ಅನ್ನೋದನ್ನ ಮ್ಯಾರಿನರ್ 2ರ ಮಾಹಿತಿಯಿಂದ ತೋರಿಸಿದವರಲ್ಲಿ ಅವರೂ ಒಬ್ಬರು. ಮುಂದೆ ಅವರ ನೇತೃತ್ವದಲ್ಲೇ ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಯ್ತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನ ಮೇಲಕ್ಕೆ ಒಯ್ದಿತು.

ಸೋವಿಯತ್‌ನವರಿಗೆ ಪಕ್ಕದಲ್ಲಿ ಹಾದುಹೋದ್ರೆ ಸಾಕಾಗ್ಲಿಲ್ಲ, ಇಳಿಯಲೇಬೇಕು ಅನ್ನೋ ಹಠ. 1966ರಲ್ಲಿ ವೆನೆರಾ 3 ಶುಕ್ರನಿಗೆ ಹೋಗಿ ಅಪ್ಪಳಿಸಿತು, ಆದ್ರೆ ಅದಕ್ಕೂ ಮೊದಲೇ ಅದರ ಸಂಪರ್ಕ ಕಡಿದುಹೋಗಿತ್ತು. 1967ರಲ್ಲಿ ವೆನೆರಾ 4 ವಾತಾವರಣದೊಳಗೆ ಇಳೀತಾ ಇಳೀತಾ ಮಾಹಿತಿ ಕಳಿಸ್ತು, ಅಲ್ಲಿನ ಗಾಳಿ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಅಂತ. ಆದ್ರೆ ನೆಲ ಮುಟ್ಟೋ ಮೊದಲೇ ಸುಮ್ಮನಾಯ್ತು.

1970ರ ಡಿಸೆಂಬರ್ 15. ವೆನೆರಾ 7ರ ಸರದಿ. ಇಳಿಯುವಾಗ ಪ್ಯಾರಾಚೂಟ್ ಹರೀತು. ನೌಕೆ ಅಂದುಕೊಂಡದ್ದಕ್ಕಿಂತ ಜೋರಾಗಿ ನೆಲಕ್ಕೆ ಬಿತ್ತು. ಸಿಗ್ನಲ್ ನಿಂತುಹೋಯ್ತು. ಇನ್ನೊಂದು ಸೋಲು ಅಂತ ಎಲ್ಲರೂ ಅಂದುಕೊಂಡ್ರು.

ಆದ್ರೆ ರೆಕಾರ್ಡಿಂಗ್ ಟೇಪ್‌ಗಳನ್ನ ಆಮೇಲೆ ಮತ್ತೆ ಕೂತು ಪರಿಶೀಲಿಸಿದಾಗ, ಆ ಗೊರಗೊರ ಸದ್ದಿನ ಮಧ್ಯೆ ಏನೋ ಇತ್ತು. ಮಾಮೂಲಿ ಸಿಗ್ನಲ್‌ನ ಸುಮಾರು ಶೇ 1ರಷ್ಟು ಮಾತ್ರ ಬಲ. ನೌಕೆ ಬಹುಶಃ ಮಗುಚಿ ಬಿದ್ದು, ಅದರ ಆಂಟೆನಾ ಬೇರೆ ಕಡೆ ತಿರುಗಿತ್ತು. ಆದರೂ ಅದು ಸುಮಾರು 23 ನಿಮಿಷ ಮಾತಾಡ್ತಾನೇ ಇತ್ತು. ಇನ್ನೊಂದು ಗ್ರಹದ ನೆಲದಿಂದ ಮನುಷ್ಯರಿಗೆ ಬಂದ ಮೊದಲ ಸುದ್ದಿ ಅದು. ಹೇಳಿದ್ದು ಮುಖ್ಯವಾಗಿ ಒಂದೇ ವಿಷಯ, ಉಷ್ಣತೆ 475 ಡಿಗ್ರಿ ಸೆಲ್ಸಿಯಸ್. ಅದರಿಂದ ವಿಜ್ಞಾನಿಗಳು ಲೆಕ್ಕ ಹಾಕಿದ ಒತ್ತಡ, ಭೂಮಿಯದಕ್ಕಿಂತ ಸುಮಾರು 90 ಪಟ್ಟು. ಸೀಸ ಕರಗೋದು 327 ಡಿಗ್ರಿಗೆ ಅಂತ ನೆನಪಿಟ್ಕೊಳ್ಳಿ, ಆಗ ಅಲ್ಲಿನ ಬಿಸಿ ಎಂಥದ್ದು ಅಂತ ಅರ್ಥ ಆಗುತ್ತೆ.

ಇದರಲ್ಲೊಂದು ಸೋಜಿಗ ಇದೆ. ಸೂರ್ಯನಿಗೆ ಅತಿ ಹತ್ತಿರ ಇರೋದು ಬುಧ. ಅಲ್ಲಿ ಹಗಲಿನ ಬಿಸಿ ಸುಮಾರು 430 ಡಿಗ್ರಿ. ಅದಕ್ಕಿಂತ ದೂರದಲ್ಲಿರೋ ಶುಕ್ರ ಅದಕ್ಕಿಂತ ಬಿಸಿ. ಅದೂ ಹಗಲು ರಾತ್ರಿ ಎರಡೂ ಹೊತ್ತು. ಯಾಕೆ? ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೂತು ನೋಡಿ. ಶಾಖ ಒಳಗೆ ಬರುತ್ತೆ, ಹೊರಗೆ ಹೋಗೋದು ಕಷ್ಟ. ಶುಕ್ರನಲ್ಲಿ ಕಾರಿನ ಗಾಜಿನ ಜಾಗದಲ್ಲಿರೋದು ದಟ್ಟವಾದ ಕಾರ್ಬನ್ ಡೈಆಕ್ಸೈಡ್, ವಾತಾವರಣದ ಶೇ 96ಕ್ಕೂ ಹೆಚ್ಚು. ನೆಲದಿಂದ ಏಳೋ ಶಾಖವನ್ನ ಅದು ಹೊರಗೆ ಬಿಡಲ್ಲ. ಇದನ್ನೇ ಹಸಿರುಮನೆ ಪರಿಣಾಮ ಅನ್ನೋದು.

ಭೂಮಿ ನಾಳೆಯೇ ಶುಕ್ರ ಆಗಿಬಿಡುತ್ತೆ ಅಂತಲ್ಲ. ನಮ್ಮಲ್ಲಿ ಆ ಅನಿಲ ಶೇ 0.04ರ ಆಸುಪಾಸು ಮಾತ್ರ ಇದೆ. ಆದ್ರೆ ಗಾಳಿಯಲ್ಲಿ ಏನಿದೆ ಅನ್ನೋದು ಒಂದು ಗ್ರಹದ ಹಣೆಬರಹವನ್ನೇ ಬದಲಾಯಿಸಬಲ್ಲದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ. ನಾವು ಆ ಪಾಲನ್ನ ವರ್ಷ ವರ್ಷ ಏರಿಸ್ತಾ ಇದೀವಿ ಅನ್ನೋದೂ ಗೊತ್ತಿರೋ ವಿಷಯವೇ.

ಮಂಗಳದ ಫೋಟೋ, ಎಂಟು ಗಂಟೆ ಲೋಡಿಂಗ್

ಇನ್ನೊಂದು ಪಕ್ಕದ ಮನೆ ಮಂಗಳ. ಅಲ್ಲಿ ಕಾಲುವೆಗಳಿವೆ, ಜೀವಿಗಳು ಇರ್ಬಹುದು ಅಂತ ಬಹಳ ಕಾಲ ಕನಸು ಕಂಡವರಿದ್ರು. 1965ರ ಜುಲೈನಲ್ಲಿ ಮ್ಯಾರಿನರ್ 4 ಅದರ ಪಕ್ಕ ಹಾದುಹೋಗ್ತಾ ಇಪ್ಪತ್ತೊಂದು ಪೂರ್ಣ ಚಿತ್ರ, ಇನ್ನೊಂದರ ತುಣುಕು ತೆಗೀತು. ಕಳಿಸೋ ವೇಗ ಎಷ್ಟು ಗೊತ್ತಾ? ಸೆಕೆಂಡಿಗೆ ಎಂಟು ಬಿಟ್ ಚಿಲ್ಲರೆ. ಎಂಬಿ ಅಲ್ಲ, ಕೆಬಿ ಅಲ್ಲ, ಬಿಟ್. ಒಂದು ಕಪ್ಪುಬಿಳುಪು ಚಿತ್ರ ಬರೋದಕ್ಕೆ ಎಂಟು ಗಂಟೆಗಿಂತ ಜಾಸ್ತಿ ಹಿಡೀತಿತ್ತು. ಅದೇ ವೇಗದಲ್ಲಿ ನಿಮ್ಮ ಫೋನಿನ 2 ಎಂಬಿ ಫೋಟೋ ಕಳಿಸಿದ್ರೆ 22 ದಿನ ಬೇಕು.

ಕಾಯೋ ತಾಳ್ಮೆ ಇಲ್ಲದ ಇಂಜಿನಿಯರ್‌ಗಳು ಒಂದು ಕೆಲಸ ಮಾಡಿದ್ರು. ಬರ್ತಿದ್ದ ಅಂಕಿಗಳನ್ನ ಕಾಗದದ ಪಟ್ಟಿಗಳ ಮೇಲೆ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ, ಒಂದೊಂದು ಅಂಕಿಗೆ ಒಂದೊಂದು ಬಣ್ಣದ ಚಾಕ್ ಹಚ್ಚಿದ್ರು, ಮಕ್ಕಳ ಬಣ್ಣ ತುಂಬೋ ಪುಸ್ತಕದ ಹಾಗೆ. ಬಾಹ್ಯಾಕಾಶದಿಂದ ಬಂದ ಮಂಗಳದ ಮೊದಲ ಹತ್ತಿರದ ಚಿತ್ರವನ್ನ ಮನುಷ್ಯರು ಹೀಗೆ ಕೈಯಲ್ಲೇ ಬಿಡಿಸಿದ್ರು. ಕಾಲುವೆ ಒಂದೂ ಇರ್ಲಿಲ್ಲ. ಚಂದ್ರನ ಮೇಲಿರೋ ಹಾಗೆ ಕುಳಿಗಳಿದ್ದವು. ಗಾಳಿ ಭೂಮಿಯ ಶೇ 1ಕ್ಕಿಂತ ಕಡಿಮೆ. ಶುಕ್ರನಿಗೆ ಗಾಳಿ ಅತಿಯಾಯ್ತು, ಮಂಗಳಕ್ಕೆ ಇಲ್ಲವಾಯ್ತು. ನಡುವೆ ಇರೋದು ನಾವು.

ಈಗಲೂ ಕೇಳ್ತಾ ಇದೀವಿ

1977ರಲ್ಲಿ ಹೊರಟ ಎರಡು ವಾಯೇಜರ್‌ಗಳು ದೊಡ್ಡ ಗ್ರಹಗಳ ಪರಿಚಯ ಮಾಡಿಕೊಟ್ಟವು. 1979ರಲ್ಲಿ ಗುರುವಿನ ಚಂದ್ರ ಅಯೋ ಮೇಲೆ ಜ್ವಾಲಾಮುಖಿ ಉಗುಳ್ತಿರೋದನ್ನ ಲಿಂಡಾ ಮೊರಾಬಿಟೊ ಗಮನಿಸಿದ್ದು ದಾರಿ ಲೆಕ್ಕ ಹಾಕೋದಕ್ಕೆ ಅಂತ ತೆಗೆದ ಒಂದು ಫೋಟೋದಲ್ಲಿ. ಯುರೇನಸ್, ನೆಪ್ಚೂನ್ ಹತ್ತಿರ ಇದುವರೆಗೆ ಹೋಗಿರೋ ನೌಕೆ ಒಂದೇ, ವಾಯೇಜರ್ 2.

ವಾಯೇಜರ್ 1 ಈಗ ಎಷ್ಟು ದೂರ ಅಂದ್ರೆ, ಅದರ ಸಿಗ್ನಲ್ ನಮ್ಮನ್ನ ಮುಟ್ಟೋದಕ್ಕೆ 23 ಗಂಟೆಗೂ ಹೆಚ್ಚು ಬೇಕು. ಅದರ ಟ್ರಾನ್ಸ್‌ಮಿಟರ್‌ನ ಶಕ್ತಿ ಫ್ರಿಜ್ ಒಳಗಿನ ಬಲ್ಬ್‌ನಷ್ಟು. 2023ರ ನವೆಂಬರ್‌ನಲ್ಲಿ ಅದು ಅರ್ಥವಿಲ್ಲದ ಮಾತು ಕಳಿಸೋಕೆ ಶುರು ಮಾಡಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ರಿಪೇರಿಗೆ ಹೋಗೋಕಂತೂ ಆಗಲ್ಲ. ಇಂಜಿನಿಯರ್‌ಗಳು ಆ ಚಿಪ್‌ನಲ್ಲಿದ್ದ ಕೋಡನ್ನ ತುಂಡು ಮಾಡಿ ಬೇರೆ ಬೇರೆ ಜಾಗದಲ್ಲಿ ಕೂರಿಸಿದ್ರು. ಒಂದು ಆದೇಶ ಕಳಿಸಿ, ಉತ್ತರಕ್ಕೆ ಎರಡು ದಿನದ ಹತ್ತಿರ ಕಾಯಬೇಕು. 2024ರ ಏಪ್ರಿಲ್‌ನಲ್ಲಿ ಅದು ಮತ್ತೆ ಸರಿಯಾಗಿ ಮಾತಾಡಿತು.

ಇಂಥ ಕೇಳಿಸಿಕೊಳ್ಳೋ ಕೆಲಸ ನಮ್ಮೂರಲ್ಲೂ ನಡೀತಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳದ ಕಕ್ಷೆ ಸೇರಿದಾಗ, ಸುದ್ದಿ ಇಲ್ಲಿಗೆ ಬರೋದಕ್ಕೆ 12 ನಿಮಿಷ ಬೇಕಾಯ್ತು. ಅಂದ್ರೆ ಅಲ್ಲಿ ಆಗೋದು ಆಗಿಹೋಗಿತ್ತು, ನಾವಿನ್ನೂ ಉಸಿರು ಬಿಗಿಹಿಡಿದು ಕಾಯ್ತಿದ್ವಿ. ಈಗ ಶುಕ್ರನ ಸರದಿ. ಶುಕ್ರನ ಸುತ್ತ ಸುತ್ತುವ ನೌಕೆ ಕಳಿಸೋ ಇಸ್ರೋ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಉಡಾವಣೆಗೆ ಇಟ್ಟುಕೊಂಡಿರೋ ಗುರಿ 2028ರ ಮಾರ್ಚ್. ಭೂಮಿಯಷ್ಟೇ ದೊಡ್ಡ ಗ್ರಹ ಹಾಗ್ಯಾಕಾಯ್ತು ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದೂ ಅದರ ಕೆಲಸ.

ಮುಂದಿನ ಸಲ ಸಂಜೆ ಪಶ್ಚಿಮದಲ್ಲೋ, ಬೆಳಗಿನ ಜಾವ ಪೂರ್ವದಲ್ಲೋ ಬೆಳ್ಳಿ ಕಂಡ್ರೆ ಒಂದು ನಿಮಿಷ ನಿಂತು ನೋಡಿ. ಆ ಹೊಳೆಯೋ ಚುಕ್ಕಿಯ ನೆಲದ ಮೇಲೆ ವೆನೆರಾ 7 ಬಿದ್ದಲ್ಲೇ ಇದೆ. ಈ ಎಪಿಸೋಡ್ ಬಗ್ಗೆ ಪ್ರಶ್ನೆ ಇದ್ರೆ ಕಳಿಸಿ, ಮುಂದಿನ ವಾರ ಉತ್ತರ ಕೊಡ್ತೀವಿ. ನಿಮ್ಮ ಸಿಗ್ನಲ್ ನಮಗೆ ತಲುಪೋಕೆ ಒಂದು ಸೆಕೆಂಡೂ ಬೇಡ.