ದಡಾರ ನಿರ್ಮೂಲನೆಯಿಂದ ಆರೋಗ್ಯ ವ್ಯವಸ್ಥೆಗೂ ಬಲ

ದಡಾರ ಗಾಳಿಯಿಂದ ಹರಡುವ ಕಾಯಿಲೆ. ಒಬ್ಬರಿಂದ, ಲಸಿಕೆ ಪಡೆಯದ 12ರಿಂದ 18 ಮಂದಿಗೆ ಅಂಟಬಲ್ಲದು. ಇದನ್ನು ತಡೆಯಲು ನೂರರಲ್ಲಿ 95 ಮಕ್ಕಳಿಗಾದರೂ ಎರಡು ಡೋಸ್ ಆಗಿರಬೇಕು. ಲಸಿಕೆ ತಪ್ಪಿದ ಕೇರಿಯಲ್ಲೇ ಇದು ಮೊದಲು ತಲೆ ಎತ್ತುತ್ತದೆ. ಆದ್ದರಿಂದ ದಡಾರ ಕಂಡರೆ, ಅಲ್ಲಿ ಬೇರೆ ಲಸಿಕೆಗಳೂ ತಪ್ಪಿರಬಹುದೆಂದು ತಿಳಿಯಬೇಕು.

ನಮ್ಮ ಭಾಗವನ್ನೇ ನೋಡಿ. 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಗಣಿ, ಕಬ್ಬು, ಭತ್ತದ ಕೆಲಸಕ್ಕೆ ಹೋಗುವ ಕುಟುಂಬಗಳಿಗೆ ಈ ಗಡಿ ಲೆಕ್ಕಕ್ಕಿಲ್ಲ. ಮಗುವಿನ ಹೆಸರು ಒಂದೂರಿನ ಪಟ್ಟಿಯಲ್ಲಿ, ಮಗು ಇನ್ನೊಂದೂರಿನಲ್ಲಿ ಎಂಬಂತಾಗುತ್ತದೆ. ಆಶಾ ಕಾರ್ಯಕರ್ತೆಯರು ಅಂಥ ಮಗುವನ್ನು ಹುಡುಕಿದರೆ ಬಾಕಿ ಉಳಿದ ಎಲ್ಲ ಲಸಿಕೆಗಳೂ ಸಿಗುತ್ತವೆ; ಆ ಮನೆಯ ಗರ್ಭಿಣಿಯ ಹೆಸರೂ ದಾಖಲಾಗುತ್ತದೆ.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾಯಿತು. 9 ತಿಂಗಳಿಂದ 15 ವರ್ಷದೊಳಗಿನವರಿಗೆ ಶಾಲೆಗಳಲ್ಲೂ ಲಸಿಕೆ ಹಾಕಿದರು. ಇಂಥ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಹಳ್ಳಿಗೆ ಮುಟ್ಟಿಸಬೇಕು. ಜ್ವರದೊಂದಿಗೆ ದದ್ದು ಕಂಡರೆ ವರದಿ ಮಾಡಿ, ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಶೈತ್ಯ ಪೆಟ್ಟಿಗೆ, ಪ್ರಯೋಗಾಲಯ, ತರಬೇತಾದ ಸಿಬ್ಬಂದಿ ನಾಳೆ ಬೇರೆ ರೋಗ ಬಂದಾಗಲೂ ಕೆಲಸಕ್ಕೆ ಬರುತ್ತಾರೆ.

ನಾವು ಮಾಡಬೇಕಾದದ್ದು ಇಷ್ಟು. ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮನೆಮಕ್ಕಳ ತಾಯಿ ಕಾರ್ಡ್ ನೋಡಿದಂತೆಯೇ ನಮ್ಮ ಅಂಗಡಿ, ಗೋದಾಮುಗಳಲ್ಲಿ ದುಡಿಯುವವರ ಮಕ್ಕಳ ಕಾರ್ಡನ್ನೂ ವಿಚಾರಿಸಿ. ಲಸಿಕೆಯ ದಿನ ಅವರಿಗೆ ಕೂಲಿ ಕಡಿಯದೆ ಅರ್ಧ ದಿನ ಬಿಡುವು ಕೊಡಿ. "ಅಮ್ಮ ಬಂದಿದೆ" ಎಂದು ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳದೆ ಆಶಾ ಕಾರ್ಯಕರ್ತೆಗೆ ತಿಳಿಸಿ.