ಸಂಗಂ ಶಾಟ್‌ಗೆ ತೀರ್ಪುಗಾರರು ಯಾರು?

ಸಿನಿಮೋತ್ಸವಕ್ಕೆ ಚಿತ್ರ ಕಳಿಸುವ ಅರ್ಜಿಯಲ್ಲಿ ನಿರ್ದೇಶಕರ ಹೆಸರಿಗೊಂದು ಖಾನೆ ಇರುತ್ತದೆ. ಅದರ ಕೆಳಗೆ ಹಿಂದಿನ ಚಿತ್ರಗಳ ಪಟ್ಟಿ, ಕಿರುಪರಿಚಯ, ಒಂದು ಭಾವಚಿತ್ರ. ತೆಲಂಗಾಣದ ಜಹೀರಾಬಾದಿಗೆ ಅಂಟಿಕೊಂಡಂತಿರುವ ಪಸ್ತಾಪುರದ ಹೆಣ್ಣುಮಕ್ಕಳು ಆ ಖಾನೆಯಲ್ಲಿ ಏನು ಬರೆಯಬೇಕು? 1990ರ ದಶಕದ ಕೊನೆಯಿಂದ ಅವರು ಕ್ಯಾಮೆರಾ ಹಿಡಿದಿದ್ದಾರೆ. ಹೆಚ್ಚಿನವರು ದಲಿತರು, ಒಣಬೇಸಾಯದ ಹೊಲಗಳಲ್ಲಿ ದುಡಿದವರು, ಶಾಲೆಗೆ ಹೋಗುವ ಅವಕಾಶವೇ ಸಿಗದವರು. ಹುಮ್ನಾಪುರ ಲಕ್ಷ್ಮಮ್ಮ, ಚಿನ್ನ ನರಸಮ್ಮ, ಎಡುಲಪಲ್ಲಿ ಮಂಜುಳಾ, ಜಹೀರಾಬಾದ್ ಪುಣ್ಯಮ್ಮ ಎಂಬ ಹೆಸರುಗಳು ಸಮುದಾಯ ಮಾಧ್ಯಮದ ಬಗ್ಗೆ ಓದುವವರಿಗೆ ಗೊತ್ತು. ಆದರೆ ಚಿತ್ರಗಳು ಹೊರಬರುವುದು ಯಾರೊಬ್ಬರ ಹೆಸರಿನಲ್ಲೂ ಅಲ್ಲ. ಡಿಡಿಎಸ್ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಎಂಬ ಕೂಟದ ಹೆಸರಿನಲ್ಲಿ.

ಇದು ನಮಗೆ ದೂರದ ಊರಿನ ಸಂಗತಿಯಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಕಲಬುರಗಿಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಗಡಿ ಸರಿದರೂ ಜೋಳ, ತೊಗರಿ, ಕಡಲೆ ಬೆಳೆಯುವ ಆ ಕಡೆಯ ಮಣ್ಣು ಬೀದರ್–ಸೇಡಂ ಕಡೆಯ ಮಣ್ಣೇ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ನಡೆಯುತ್ತವೆ. ಬೆಂಗಳೂರಿನ ಸಿನಿಮಾ ಬಳಗಗಳಲ್ಲಿ ಲೊಕಾರ್ನೊ, ಬೂಸಾನ್ ಚಿತ್ರೋತ್ಸವಗಳ ಹೆಸರು ಕೇಳಿಬರುವಷ್ಟು ಪಸ್ತಾಪುರದ ಹೆಸರು ಕೇಳಿಬರದೇ ಇರುವುದು ನನಗೆ ನೋವಿನ ಸಂಗತಿ.

ಪಸ್ತಾಪುರದ ಈ ಕೆಲಸದ ಹಿಂದೆ ನಿಂತವರು ಪಿ.ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿ, ದೆಹಲಿಯ ಭಾರತೀಯ ಜನಸಂವಹನ ಸಂಸ್ಥೆಯಲ್ಲಿ ಓದಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ಅವರೂ ದುಡಿದಿದ್ದರು. ಆ ಹಳ್ಳಿಗಳಲ್ಲಿ ಕೆಲವು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಲ್ಲಿದ್ದವು, ಕೆಲವು ಅಂದಿನ ಮೇದಕ್ ಜಿಲ್ಲೆಯಲ್ಲಿ. ಬೇಸಾಯ ಹೇಗೆ, ಮಕ್ಕಳಿಗೆ ಏನು ತಿನ್ನಿಸಬೇಕು ಎಂದು ಪೆಟ್ಟಿಗೆ ಹೇಳುತ್ತಿತ್ತು, ಊರು ಕೂತು ಕೇಳುತ್ತಿತ್ತು. ಊರಿನವರು ತಿರುಗಿ ಮಾತಾಡಲು ಅದರಲ್ಲಿ ದಾರಿ ಇರಲಿಲ್ಲ. 1983ರಲ್ಲಿ ಗೆಳೆಯರ ಜೊತೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ (ಡಿಡಿಎಸ್) ಕಟ್ಟಿದ ಸತೀಶ್, ಹಲವು ವರ್ಷಗಳ ನಂತರ ಜಹೀರಾಬಾದ್ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರು. ಅಕ್ಷರ ಬಾರದವರಿಗೆ ವಿಡಿಯೊ ಅಕ್ಷರದ ಕೆಲಸ ಮಾಡಬಲ್ಲದೇ ಎಂಬುದು ಅವರ ಪ್ರಶ್ನೆಯಾಗಿತ್ತು. 2023ರ ಮಾರ್ಚ್ 19ರಂದು ಅವರು ತೀರಿಕೊಂಡರು.

ಆ ಹೆಣ್ಣುಮಕ್ಕಳು ಕ್ಯಾಮೆರಾ ಕಲಿತ ರೀತಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಿನಿಮಾ ಶಾಲೆಗಳ ಲೋ ಆಂಗಲ್, ಟಾಪ್ ಆಂಗಲ್ ಎಂಬ ಮಾತುಗಳು ಅವರಿಗೆ ಬೇಕಾಗಲಿಲ್ಲ. ಮೇಲಿನಿಂದ ಕೆಳಕ್ಕೆ ನೋಡುವ ಶಾಟ್ ಅವರಿಗೆ ಪಟೇಲ್ ಶಾಟ್. ಯಾಕೆಂದರೆ ಕಟ್ಟೆಯ ಮೇಲೆ ಕೂತ ಭೂಮಾಲೀಕ ಕೂಲಿಯವರನ್ನು ನೋಡುವುದೇ ಹಾಗೆ. ನೆಲದಿಂದ ಮೇಲಕ್ಕೆ ಕತ್ತೆತ್ತಿ ನೋಡುವುದು ಜೀತದಾಳಿನ ಶಾಟ್. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿರುವುದು ಸಂಗಂ ಶಾಟ್. ಸಂಗಂ ಅಂದರೆ ಹಳ್ಳಿಯ ಮಹಿಳೆಯರ ಸಂಘ; ಅಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಕ್ಯಾಮೆರಾ ಎಲ್ಲಿಡಬೇಕು ಎಂಬುದು ಯಾರು ಯಾರನ್ನು ಹೇಗೆ ನೋಡುತ್ತಾರೆ ಎಂಬ ಪ್ರಶ್ನೆಯೇ ಎಂದು ಚಿತ್ರ ಸಿದ್ಧಾಂತದ ದಪ್ಪ ಪುಸ್ತಕಗಳು ಬರೆದಿವೆ. ಇವರು ಅದನ್ನು ದಣಿಯ ಅಂಗಳದಲ್ಲಿ ನಿಂತ ಅನುಭವದಿಂದಲೇ ಕಂಡುಕೊಂಡರು. ಸಂದರ್ಶನ ಮಾಡುವಾಗ ರೈತ ನೆಲದ ಮೇಲಿದ್ದರೆ ಕ್ಯಾಮೆರಾವೂ ನೆಲಕ್ಕಿಳಿಯಬೇಕು ಎಂಬುದಕ್ಕಿಂತ ಒಳ್ಳೆಯ ಪಾಠ ಯಾವ ಚಿತ್ರಶಾಲೆಯೂ ಹೇಳಿಕೊಡಲಾರದು.

ಈ ಕಣ್ಣಿಂದ ಅವರು ತೆಗೆದ ಚಿತ್ರಗಳಲ್ಲಿ ಹತ್ತಿಯ ಮೂರು ಚಿತ್ರಗಳು ಮುಖ್ಯ. ಕುಲಾಂತರಿ ತಳಿಯಾದ ಬಿಟಿ ಹತ್ತಿಗೆ ಕೇಂದ್ರದ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಮೊದಲ ಹಂಗಾಮಿನಲ್ಲೇ ವಾರಂಗಲ್‌ನ ರೈತರ ಹೊಲಗಳಿಗೆ ಹೋಗಿ ಇವರು ಚಿತ್ರಿಸಿದರು. 2003ರಲ್ಲಿ ವಾರಂಗಲ್ ರೈತರಿಗೆ ಬಿಟಿ ಹತ್ತಿಯ ಮೇಲೆ ಸಿಟ್ಟೇಕೆ ಎಂದು ಕೇಳುವ ಚಿತ್ರ ಹೊರಬಂತು. 2005ರಲ್ಲಿ ಮೂರು ವರ್ಷಗಳ ಲೆಕ್ಕ ಮುಂದಿಡುವ ಎರಡನೆಯದು. 2007ರಲ್ಲಿ ದಕ್ಷಿಣ ಆಫ್ರಿಕಾ ಸೇರಿದಂತೆ ಬೇರೆ ದೇಶಗಳ ಹತ್ತಿ ರೈತರ ಅನುಭವ ಹೇಳುವ ಮೂರನೆಯದು. ಮೊದಲ ಎರಡರ ಗಟ್ಟಿತನ ಇರುವುದು ಕಾಲದಲ್ಲಿ. ಒಂದು ದಿನ ಬಂದು ಹೋಗುವ ಟಿವಿ ತಂಡಕ್ಕೆ ಬಿತ್ತನೆಯ ದಿನದ ಆಸೆ ಸಿಕ್ಕೀತು, ಇಲ್ಲವೇ ಕೊಯ್ಲಿನ ದಿನದ ಕಣ್ಣೀರು. ಹಂಗಾಮಿನಿಂದ ಹಂಗಾಮಿಗೆ ತಿರುಗಿ ಹೋಗುವವರಿಗೆ ಮಾತ್ರ ಬಿತ್ತನೆಯಿಂದ ಸಾಲದವರೆಗಿನ ದಾರಿ ಕಾಣುತ್ತದೆ. ಈ ಚಿತ್ರಗಳು ಬೇರೆ ದೇಶಗಳನ್ನೂ ಮುಟ್ಟಿದವು. ಬಿಟಿ ಹತ್ತಿಯ ಬಗ್ಗೆ ಬೇರೆ ಅಭಿಪ್ರಾಯ ಇರುವವರೂ ಇವನ್ನು ಒಮ್ಮೆ ನೋಡಲೇಬೇಕು.

ಪ್ರಶಸ್ತಿಗಳ ಮಾತಿಗೆ ಬರೋಣ. 2019ರಲ್ಲಿ ಡಿಡಿಎಸ್‌ಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅದು ಬೀಜಕ್ಕೆ, ಮಣ್ಣಿಗೆ, ಹೆಣ್ಣುಮಕ್ಕಳ ಸಂಘಗಳಿಗೆ ಬಂದದ್ದು, ಸಿನಿಮಾಕ್ಕಲ್ಲ. ಸಿನಿಮೋತ್ಸವದ ತೀರ್ಪುಗಾರರಿಗೆ ಹಳ್ಳಿ ಬೇಡವೆಂದೇನೂ ಅಲ್ಲ. ಮಂಡ್ಯದ ಹಳ್ಳಿಯವರೇ ನಟಿಸಿದ ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಜನಪದ ಕಥೆಯಿಂದ ಹುಟ್ಟಿದ ಚಿದಾನಂದ ನಾಯ್ಕರ ಕಿರುಚಿತ್ರಕ್ಕೆ 2024ರಲ್ಲಿ ಕಾನ್‌ನ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಎರಡೂ ನನಗೆ ಪ್ರೀತಿಯ ಚಿತ್ರಗಳು. ಆದರೆ ಎರಡರಲ್ಲೂ ಹಳ್ಳಿ ತೆರೆಯ ಮೇಲಿದೆ, ಕ್ಯಾಮೆರಾದ ಹಿಂದೆ ಇಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ 'ರೈಟಿಂಗ್ ವಿತ್ ಫೈರ್' ಸಾಕ್ಷ್ಯಚಿತ್ರದ ಉದಾಹರಣೆಯಿದೆ. ಉತ್ತರಪ್ರದೇಶದ ದಲಿತ ಮಹಿಳೆಯರು ನಡೆಸುವ 'ಖಬರ್ ಲಹರಿಯಾ' ಸುದ್ದಿಸಂಸ್ಥೆಯ ಮೇಲೆ ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಮಾಡಿದ ಒಳ್ಳೆಯ ಚಿತ್ರ ಅದು. 2021ರಲ್ಲಿ ಸನ್‌ಡಾನ್ಸ್‌ನಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ ಎರಡನ್ನೂ ಗೆದ್ದು, ಮುಂದೆ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. 2022ರ ಮಾರ್ಚ್‌ನಲ್ಲಿ, ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಮೊದಲು, ಖಬರ್ ಲಹರಿಯಾ ಹೇಳಿಕೆ ಹೊರಡಿಸಿತು: ಚಿತ್ರ ಮನಮುಟ್ಟುವಂತಿದೆ, ಆದರೆ ತಾವು ಒಂದೇ ಪಕ್ಷದ ಬೆನ್ನು ಹತ್ತಿದವರೆಂಬಂತೆ ತೋರಿಸಿದ್ದು ಸರಿಯಲ್ಲ ಎಂಬುದು ಅದರ ತಿರುಳು. ಮಾಡಿದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಜಗತ್ತಿನ ದೊಡ್ಡ ಜ್ಯೂರಿಗಳು ಆ ಚಿತ್ರವನ್ನು ಮೆಚ್ಚಿದ್ದೂ ತಪ್ಪಲ್ಲ. ಆದರೆ ಯಾರ ಬದುಕು ತೆರೆಯ ಮೇಲಿತ್ತೋ ಅವರ ತೀರ್ಪು ಎಲ್ಲ ಮುಗಿದ ಮೇಲೆ, ಒಂದು ಹೇಳಿಕೆಯಾಗಿ ಬಂತು.

ಪಸ್ತಾಪುರದಲ್ಲಿ ಈ ಕ್ರಮ ತಿರುವುಮುರುವು. ಚಿತ್ರ ಮಾಡಿದವರು ಮರುದಿನವೂ ಅದೇ ಊರಲ್ಲಿ, ಅದೇ ಸಂಗಂ ಸಭೆಯಲ್ಲಿ ಇರಬೇಕು. ಸಜ್ಜೆ, ನವಣೆ ಬಿತ್ತುವುದನ್ನು ತಪ್ಪಾಗಿ ತೋರಿಸಿದರೆ ಪಕ್ಕದ ಮನೆಯ ಅಜ್ಜಿಯೇ ಕೇಳುತ್ತಾಳೆ. ಆ ಅಜ್ಜಿಯ ಮುಂದೆ ಗೆದ್ದ ಚಿತ್ರಕ್ಕೆ ಪದಕ ಇಲ್ಲ, ಪತ್ರಿಕೆಯಲ್ಲಿ ಹೆಸರೂ ಬರುವುದಿಲ್ಲ.

ರೈತರ ನಡುವೆ ಸಿನಿಮೋತ್ಸವ ಹುಟ್ಟಲಾರದು ಎನ್ನುವವರು ಜಪಾನ್ ಕಡೆ ನೋಡಬೇಕು. ಒಗಾವಾ ಶಿನ್ಸುಕೆ ಎಂಬ ನಿರ್ದೇಶಕರು 1970ರ ದಶಕದಲ್ಲಿ ತಮ್ಮ ತಂಡದೊಂದಿಗೆ ಯಾಮಾಗಾಟಾ ಪ್ರಾಂತ್ಯದ ಮಾಗಿನೋ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ವರ್ಷಗಟ್ಟಲೆ ತಾವೇ ಭತ್ತ ಬೆಳೆದು, ಅದರ ಮೇಲೆ ಚಿತ್ರ ಮಾಡಿದರು. ಅವರ ಒತ್ತಾಸೆಯಿಂದ 1989ರಲ್ಲಿ ಯಾಮಾಗಾಟಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವ ಇಂದು ಏಷ್ಯಾದಲ್ಲೇ ಬಹಳ ಗೌರವ ಪಡೆದದ್ದು. ಟೋಕಿಯೊದಿಂದ ದೂರದ ಊರೊಂದಕ್ಕೆ ಜಗತ್ತಿನ ಸಾಕ್ಷ್ಯಚಿತ್ರಕಾರರು ಎರಡು ವರ್ಷಕ್ಕೊಮ್ಮೆ ಬರುತ್ತಾರೆ.

ನಮ್ಮಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಿಂದ ನಡೆಯುತ್ತಿದೆ. ಏಷ್ಯಾ, ಭಾರತೀಯ, ಕನ್ನಡ ಎಂದು ಮೂರು ಸ್ಪರ್ಧೆಗಳು, ಪ್ರತಿಯೊಂದಕ್ಕೂ ತೀರ್ಪುಗಾರರು. ಸ್ಪರ್ಧೆಯ ಮುಖ ಮುಖ್ಯವಾಗಿ ಕಥಾಚಿತ್ರಗಳತ್ತ. ಸರ್ಕಾರದ ಹಣದಲ್ಲಿ, ಚಲನಚಿತ್ರ ಅಕಾಡೆಮಿಯ ಹೊಣೆಯಲ್ಲಿ ನಡೆಯುವ ಉತ್ಸವ ಇದು. ಮಲ್ಟಿಪ್ಲೆಕ್ಸ್‌ನ ಆಚೆಗೂ ಅದಕ್ಕೆ ಜವಾಬ್ದಾರಿ ಇದೆ. ಸಮುದಾಯಗಳೇ ಮಾಡಿದ ಚಿತ್ರಗಳಿಗೆ ನಾಲ್ಕನೆಯ ವಿಭಾಗವೊಂದು ಬೇಕು. ಅದರ ಅರ್ಜಿಯಲ್ಲಿ ನಿರ್ದೇಶಕರ ಖಾನೆಗೆ ಸಂಘದ ಹೆಸರು ನಡೆಯಬೇಕು. ಪ್ರವೇಶ ಶುಲ್ಕ, ಇಂಗ್ಲಿಷ್ ಸಬ್‌ಟೈಟಲ್‌ನ ಖರ್ಚು ಉತ್ಸವವೇ ಹೊರಬೇಕು. ಪ್ರದರ್ಶನ ಬೀದರ್, ಕಲಬುರಗಿಯಲ್ಲೂ ಆಗಬೇಕು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಿಂದ ಬೆಂಗಳೂರು ದೂರ, ಇವು ಹತ್ತಿರ.

ಪಸ್ತಾಪುರದ ಹೆಣ್ಣುಮಕ್ಕಳಿಗೆ ಊರೂರಿಗೆ ಹೋಗುವುದು ಹೊಸದಲ್ಲ. ಪ್ರತಿ ವರ್ಷ ಸಂಕ್ರಾಂತಿಗೆ ಹೊರಡುವ ಹಳೆಯ ಬೆಳೆಗಳ ಜಾತ್ರೆಯಲ್ಲಿ ಬೀಜ ತುಂಬಿದ ಎತ್ತಿನ ಗಾಡಿಗಳೊಂದಿಗೆ ಅವರು ಹಳ್ಳಿ ಹಳ್ಳಿ ಸುತ್ತುತ್ತಾರೆ. 2008ರ ಅಕ್ಟೋಬರ್‌ನಿಂದ ಮಾಚನೂರಿನಲ್ಲಿ ಅವರದೇ ಸಂಗಂ ರೇಡಿಯೊ ನಡೆಯುತ್ತಿದೆ. ಉತ್ಸವದ ಸುದ್ದಿ ಆ ರೇಡಿಯೊದಲ್ಲಿ ಬಂದರೆ ಸಾಕು, ಅತ್ತ ಕಡೆಯ ಹಳ್ಳಿಗಳ ಪ್ರೇಕ್ಷಕರು ಬಂದಾರು. ಈ ವಿಭಾಗದ ತೀರ್ಪುಗಾರರ ಪಟ್ಟಿಗೆ ಮೊದಲ ಹೆಸರನ್ನು ಪಸ್ತಾಪುರದಿಂದಲೇ ಕೇಳಿ ಪಡೆಯಲಿ. ಇಪ್ಪತ್ತೈದು ವರ್ಷ ಕ್ಯಾಮೆರಾ ಹಿಡಿದವರಿಗೆ ಉಳಿದವರ ಚಿತ್ರವನ್ನು ತೂಗಿ ನೋಡುವ ಅರ್ಹತೆ ಯಾವಾಗಲೋ ಬಂದಿದೆ.